ಎರಡನೇ ಸಿಬಿಲ್

ಕ್ಯಾನ್ಸಸ್
ಅಕ್ಟೋಬರ್ 6, 1958

ಮಾನ್ಯ ಲೆಮ್ಯುಯೆಲ್ ಥ್ರೇಲ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಓರ್ಫಾ ಹಾಸ್ಲರ್, ತವರಿನ ಕಡೆಯಿಂದ ನಾನೂ ಥ್ರೇಲ್. ಕಳೆದ ತಿಂಗಳು ಹಲ್ಲು ಕೀಳಿಸಲು ಟೊಪೀಕಾಗೆ ಹೋಗಿದ್ದೆ. ಡಾಕ್ಟರು ಎರಡು ಗಂಟೆ ಕಾಯಿರಿ ಎಂದರು. ಎದುರಿಗಿದ್ದ ಲೈಬ್ರರಿಯಲ್ಲಿ ಹೋಗಿ ಕೂತರೆ, ನೀವು ಬರೆದ ‘ಮೇರಿಲ್ಯಾಂಡಿನ ಥ್ರೇಲ್ ವಂಶ’ ಎಂಬ ಪುಸ್ತಿಕೆ ಕೈಗೆ ಸಿಕ್ಕಿತು. ಹಲ್ಲಿನ ವಿಷಯ ಮರೆತೇಹೋಯಿತು. ಆ ಹಲ್ಲು ಇನ್ನೂ ನನ್ನ ಬಾಯಲ್ಲೇ ಇದೆ.

ಮೂಲಪುರುಷ ಬಾರ್ನಬಿ ಥ್ರೇಲ್ 1664ರಲ್ಲಿ ಹಡಗಿನಿಂದ ಇಳಿದು ನಿಮ್ಮ ಕೊಲ್ಲಿಯ ದಡದಲ್ಲಿ ಹೊಗೆಸೊಪ್ಪು ಬೆಳೆದ ಕಥೆಯನ್ನು ಒಂದೇ ಉಸಿರಿಗೆ ಓದಿದೆ. ಅವನ ಇಬ್ಬರು ಮಕ್ಕಳಲ್ಲಿ ನಾನು ದೊಡ್ಡವನಾದ ರಾಲ್ಫನ ಕಡೆಯವಳು. ನೀವು ಚಿಕ್ಕವನಾದ ಆ್ಯಂಬ್ರೋಸನ ಕಡೆಯವರು ಎಂದು ಮುನ್ನುಡಿಯಲ್ಲೇ ಎರಡು ಸಲ ಹೇಳಿದ್ದೀರಿ.

ನನ್ನವು ಎರಡು ಪ್ರಶ್ನೆಗಳು. ಬಾರ್ನಬಿಯ ಹೆಂಡತಿ ಸಿಬಿಲ್ 1691ಕ್ಕೆ ಮೊದಲೇ ತೀರಿಕೊಂಡಳು ಎಂದು ಬರೆದಿದ್ದೀರಿ. ಅದು ನಿಮಗೆ ಹೇಗೆ ತಿಳಿಯಿತು? ಇನ್ನೊಂದು, ಆ ಕಾಲದಲ್ಲಿ ಗಂಡ ಜಮೀನು ಮಾರಬೇಕಾದರೆ ಹೆಂಡತಿಯ ಒಪ್ಪಿಗೆ ಬೇಕಾಗಿತ್ತೇ? ಬೇಕಿತ್ತು ಎಂದಾದರೆ, ಒಪ್ಪುವುದಿಲ್ಲ ಎಂದವಳು ನಮ್ಮ ವಂಶದಲ್ಲಿ ಒಬ್ಬಳಾದರೂ ಇದ್ದಳೇ?

ಈ ಪತ್ರ ಬರೆಯುವುದನ್ನು ನೋಡಿ ನನ್ನ ಗಂಡ ವರ್ಜಿಲ್ ಆಗಲೇ ಒಂದು ಮಾತು ಹೇಳಿಯಾಯಿತು: “ಸತ್ತು ಇನ್ನೂರೈವತ್ತು ವರ್ಷ ಆದೋರ ಕ್ಷೇಮಸಮಾಚಾರಕ್ಕೆ ಸ್ಟಾಂಪು ದಂಡ ಮಾಡ್ತೀಯಲ್ಲೇ! ಪಕ್ಕದ ಮನೆಯೋಳು ಒಂದು ವಾರದಿಂದ ಕೆಮ್ತಾ ಇದಾಳೆ, ಅವಳನ್ನ ಕೇಳು.”

ಉತ್ತರಕ್ಕಾಗಿ ಸ್ಟಾಂಪು ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಇಂತಿ,
ಓರ್ಫಾ ಥ್ರೇಲ್ ಹಾಸ್ಲರ್


ಮೇರಿಲ್ಯಾಂಡ್, ಪೂರ್ವ ದಡ
ಅಕ್ಟೋಬರ್ 20, 1958

ಮಾನ್ಯ ಶ್ರೀಮತಿ ಹಾಸ್ಲರ್ ಅವರಿಗೆ,

ನನ್ನ ಪುಸ್ತಿಕೆಯನ್ನು ಓದಿದವರು ಇಡೀ ದೇಶದಲ್ಲಿ ಹನ್ನೊಂದು ಜನ ಎಂದುಕೊಂಡಿದ್ದೆ. ನೀವು ಹನ್ನೆರಡನೆಯವರು. ಹಲ್ಲನ್ನು ದಯವಿಟ್ಟು ಕೀಳಿಸಿಕೊಳ್ಳಿ.

ನಾನು ಲ್ಯಾಟಿನ್ ಮೇಷ್ಟ್ರಾಗಿದ್ದು ನಿವೃತ್ತನಾದವನು, ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಈಗ ದಿನಾ ಬೆಳಗ್ಗೆ ನಮ್ಮ ಕೋರ್ಟಿನ ದಾಖಲೆ ಕೋಣೆಗೆ ಹೋಗಿ ಕೂರುತ್ತೇನೆ. ಅಲ್ಲಿಯ ಗುಮಾಸ್ತರು ನಾನು ಬರುವುದು ಕಂಡರೆ ಊಟಕ್ಕೆ ಎದ್ದು ಹೋಗುತ್ತಾರೆ.

ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಗಂಡನ ಜಮೀನಿನಲ್ಲಿ ಹೆಂಡತಿಗೆ ಮೂರನೇ ಒಂದು ಪಾಲಿನ ಹಕ್ಕಿತ್ತು. ಅವನು ಸತ್ತ ಮೇಲೆ ಅವಳು ಬದುಕುವುದಕ್ಕೆಂದು ಇದ್ದ ಹಕ್ಕು ಅದು. ಅವಳಾಗಿ ಬಿಟ್ಟುಕೊಡದೆ ಅದು ಹೋಗುತ್ತಿರಲಿಲ್ಲ. ಆದ್ದರಿಂದ ಕ್ರಯಪತ್ರವಾದಾಗಲೆಲ್ಲ ಇಬ್ಬರು ನ್ಯಾಯಾಧಿಕಾರಿಗಳು ಬರುತ್ತಿದ್ದರು. ಗಂಡನನ್ನು ಹೊರಗೆ ಕಳಿಸಿ, ಅವನ ಕಿವಿಗೆ ಬೀಳದ ಹಾಗೆ ಅವಳನ್ನು ಕೇಳುತ್ತಿದ್ದರು: ಮನಸಾರೆ ಒಪ್ಪಿದ್ದೀಯಾ, ಇಲ್ಲಾ ಗಂಡನ ಸಿಟ್ಟಿಗೆ ಹೆದರಿ ಒಪ್ಪಿದ್ದೀಯಾ? ಅವಳು ಮನಸಾರೆ ಎನ್ನುತ್ತಿದ್ದಳು. ಅದನ್ನು ಪತ್ರದ ಬೆನ್ನಿಗೆ ಬರೆಯುತ್ತಿದ್ದರು. ಮೂವತ್ತು ವರ್ಷಗಳಿಂದ ಈ ಪತ್ರಗಳನ್ನು ನೋಡುತ್ತಿದ್ದೇನೆ, ಇಲ್ಲ ಎಂದವಳನ್ನು ಒಬ್ಬಳನ್ನೂ ಕಂಡಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 1691ರಲ್ಲಿ ಬಾರ್ನಬಿ ‘ಬಂದದ್ದೇ ಭಾಗ್ಯ’ ಎಂಬ ಜಮೀನನ್ನು ಮಾರಿದ. (ನಮ್ಮ ಕಡೆ ಹೊಲಗಳಿಗೂ ನಾಮಕರಣ ಮಾಡುತ್ತಿದ್ದರು.) ಆ ಪತ್ರದ ಬೆನ್ನಿಗೆ ಹೆಂಡತಿಯ ಒಪ್ಪಿಗೆ ಇಲ್ಲ. ಎಂದರೆ ಹೆಂಡತಿ ಇರಲಿಲ್ಲ. ಎಂದರೆ ತೀರಿಕೊಂಡಿದ್ದಳು. ಎರಡು ವರ್ಷವಾದ ಮೇಲೆ, ಕೊಂಡವನು ಆ ಜಮೀನನ್ನು ವಾಪಸು ಕೊಟ್ಟ, ಬಹುಶಃ ದುಡ್ಡು ಹೊಂದಿರಲಿಕ್ಕಿಲ್ಲ. 1698ರ ಉಯಿಲಿನಲ್ಲಿ ಬಾರ್ನಬಿ ಅದೇ ಜಮೀನನ್ನು ‘ನನ್ನ ಪ್ರೀತಿಯ ಪತ್ನಿ ಸಿಬಿಲಳಿಗೆ’ ಕೊಟ್ಟಿದ್ದಾನೆ. ಹೀಗಾಗಿ ಇವಳು ಎರಡನೇ ಹೆಂಡತಿ, ಹೆಸರು ಮಾತ್ರ ಅದೇ. ನಮ್ಮ ಚರ್ಚಿನ ಅಂಗಳದಲ್ಲಿ ಈ ಎರಡನೇ ಸಿಬಿಲಳಿಗೆ ನಾನೇ ವಂತಿಗೆ ಎತ್ತಿ ಒಂದು ಕಲ್ಲು ನೆಡಿಸಿದ್ದೇನೆ.

ನಿಮಗೆ ವಸಾಹತು ಕಾಲದ ವಂಶಸ್ಥರ ಮಹಿಳಾ ಸಂಘವೊಂದಕ್ಕೆ ಸೇರಲು ಈ ವಿವರ ಬೇಕಾಗಿದೆ ಎಂದು ಊಹಿಸುತ್ತೇನೆ. ಪ್ರಮಾಣೀಕರಿಸಿದ ನಕಲು ಬೇಕಿದ್ದರೆ ತಿಳಿಸಿ.

ವಿಶ್ವಾಸಪೂರ್ವಕ,
ಲೆಮ್ಯುಯೆಲ್ ಥ್ರೇಲ್


ಕ್ಯಾನ್ಸಸ್
ನವೆಂಬರ್ 9, 1958

ಕಸಿನ್ ಲೆಮ್ಯುಯೆಲ್ ಅವರಿಗೆ,

ಕಸಿನ್ ಎಂದು ಕರೆದಿದ್ದೇನೆ, ಬೇಡವೆಂದರೆ ಮುಂದಿನ ಪತ್ರದಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ಯಾವ ಸಂಘವೂ ನನಗೆ ಬೇಡ. ಅವರ ಸಭೆಗೆ ಹಾಕಿಕೊಂಡು ಹೋಗುವಂಥ ಟೋಪಿ ನನ್ನಲ್ಲಿಲ್ಲ. ನಿಮ್ಮ ಪತ್ರವನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ವರ್ಜಿಲ್ ಚಮಚ ಕೆಳಗಿಟ್ಟು ಕೇಳಿದ: “ಒಂದು ಸಿಬಿಲ್ ಸತ್ಲು, ಅದೇ ಹೆಸರಿನ ಇನ್ನೊಬ್ಬಳನ್ನ ಹುಡುಕ್ಕೊಂಡು ಹೋಗಿ ಮದ್ವೆ ಆದ್ನಾ? ನಿದ್ದೇಲಿ ಹೆಸರು ಬಡಬಡಿಸಿ ಸಿಕ್ಕಿಬೀಳೋ ಭಯ ಇತ್ತೇನೋ ಮುದುಕನಿಗೆ!” ಅವನು ಇಷ್ಟು ಮಾತಾಡಿದ್ದು ಕೇಳಿ ಎಷ್ಟೋ ದಿನವಾಗಿತ್ತು, ನನಗೂ ನಗು ತಡೆಯಲಾಗಲಿಲ್ಲ. ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಎರಡು ಸಿಬಿಲ್‌ಗಳು ನನಗೂ ಒಂದು ಹೆಚ್ಚು ಅನ್ನಿಸುತ್ತದೆ.

ನಾನು ಕೇಳಿದ್ದಕ್ಕೆ ಕಾರಣ ಹೇಳುತ್ತೇನೆ. ವರ್ಜಿಲ್ ನಮ್ಮ ಹೊಲ ಮಾರಬೇಕೆಂದಿದ್ದಾನೆ. ಅವನ ಮಂಡಿ ಕೈಕೊಟ್ಟಿದೆ. ನಮ್ಮ ಮಗ ಡೇಲ್ ಪೇಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಅವನ ಬೀದಿಯಲ್ಲೇ ಒಂದು ಮನೆ ನೋಡಿಯಾಗಿದೆ. ಪಕ್ಕದ ಹೊಲದ ಹಾರ್ಲನ್ ವಾಸ್ ನಮ್ಮ ನೂರರವತ್ತು ಎಕರೆಯನ್ನೂ ಕೊಳ್ಳಲು ಸಿದ್ಧನಿದ್ದಾನೆ. ಕ್ಯಾನ್ಸಸ್ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪದೆ ವಾಸದ ಹೊಲವನ್ನು ಮಾರುವಂತಿಲ್ಲ. ನಾನಿನ್ನೂ ಸಹಿ ಹಾಕಿಲ್ಲ. ಜಪ್ಪಯ್ಯ ಅಂದರೂ ಹಾಕುವುದಿಲ್ಲ ಎಂದು ಕೂತಿದ್ದೇನೆ. ಮನೆಯಲ್ಲಿ ಜಗಳವಿಲ್ಲ, ಜಗಳವಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಬೇರೆ ಹೆಂಗಸರು ಹೇಗೆ ಇಲ್ಲ ಎಂದರು ಎಂದು ತಿಳಿಯಬೇಕೆನ್ನಿಸಿತು, ಅಷ್ಟೇ.

ಕಾಡುಪ್ಲಮ್ ಹಣ್ಣಿನ ಜೆಲ್ಲಿ ಎರಡು ಬಾಟಲಿ ಕಳಿಸಿದ್ದೇನೆ. ನಮ್ಮ ಹೊಳೆದಂಡೆಯ ಮರಳಿನಲ್ಲಿ ತಾನಾಗಿ ಬೆಳೆಯುವ ಹಣ್ಣು. ಒಡೆದು ಬಂದರೆ ಅಂಚೆಯವರನ್ನು ಬೈಯಿರಿ, ನನ್ನನ್ನಲ್ಲ.

ಓರ್ಫಾ


ಮೇರಿಲ್ಯಾಂಡ್
ನವೆಂಬರ್ 24, 1958

ಪ್ರಿಯ ಕಸಿನ್ ಓರ್ಫಾ,

ಜೆಲ್ಲಿ ಒಡೆಯದೆ ಬಂತು. ಒಂದು ಬಾಟಲಿ ಆಗಲೇ ಖಾಲಿ. ಕಸಿನ್ ಎಂಬುದನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಇನ್ನು ನಿಮಗಿಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಲವತ್ತು ವರ್ಷ ಅಡುಗೆ ಮಾಡಿದ ಒಲೆ, ಸಾಕಿದ ಕೋಳಿ, ಕಿಟಕಿಯ ಪರದೆ, ಹೆಂಗಸರಿಗೆ ಇವುಗಳ ಮೇಲೆ ಮಮತೆ ಜಾಸ್ತಿ. ನನ್ನ ಹೆಂಡತಿ ಕೋರಾ ಕೂಡ ಹಾಗೇ ಇದ್ದಳು. ಪೇಟೆಯ ಮನೆಗೆ ಹೋದ ಮೇಲೆ ಒಂದೆರಡು ತಿಂಗಳಲ್ಲಿ ಅದೂ ಒಗ್ಗಿಹೋಗುತ್ತದೆ.

ಎರಡನೇ ಸಿಬಿಲ್ ವಿಷಯದಲ್ಲಿ ಮಾತ್ರ ನಾನು ಸೋಲುವವನಲ್ಲ. ಕ್ರಯಪತ್ರಗಳ ಪುಸ್ತಕ ಬಿಟ್ಟು ಕೋರ್ಟಿನ ದಿನಚರಿ ಪುಸ್ತಕಗಳನ್ನೂ ತೆಗೆಸಿ ನೋಡುತ್ತೇನೆ. ಇಡೀ ಜಿಲ್ಲೆಯಲ್ಲಿ ಇಲ್ಲ ಎಂದವಳು ಯಾರೂ ಇರಲಿಲ್ಲವೆಂದು ನಿಮಗೂ ವರ್ಜಿಲ್ ಅವರಿಗೂ ಸಾಬೀತು ಮಾಡಿಕೊಡುತ್ತೇನೆ.

ನಿಮ್ಮ ಲೆಮ್ಯುಯೆಲ್


(ಅಂಚೆಗೆ ಹಾಕದ ಪತ್ರ)

ಕ್ಯಾನ್ಸಸ್
ಡಿಸೆಂಬರ್ 3, 1958

ಕಸಿನ್ ಲೆಮ್,

ಒಲೆಯೂ ಅಲ್ಲ, ಕೋಳಿಯೂ ಅಲ್ಲ. ಕೋಳಿಗಳನ್ನು ನಾಳೆಯೇ ಯಾರಾದರೂ ಹಿಡಿದುಕೊಂಡು ಹೋದರೆ ನನಗೆ ಸಂತೋಷ.

ನಮಗೊಬ್ಬ ಮಗಳಿದ್ದಳು, ನೆಟ್ಟಿ. ಡೇಲ್‌ಗಿಂತ ದೊಡ್ಡವಳು. 1921ರ ಜನವರಿಯಲ್ಲಿ ಗಂಟಲಮಾರಿ ಬಂದು ಹೋದಳು. ಆಗ ಅವಳಿಗೆ ಐದು ವರ್ಷ. ಹಿಮ ಬಿದ್ದು ಚರ್ಚಿನ ದಾರಿ ಮುಚ್ಚಿಹೋಗಿತ್ತು. ವರ್ಜಿಲ್ ಕಣಜದ ಹಲಗೆ ಕಿತ್ತು ಪೆಟ್ಟಿಗೆ ಮಾಡಿದ. ಹೊಲದ ಈಶಾನ್ಯ ಮೂಲೆಯಲ್ಲಿ ಮೂರು ಕಾಟನ್‌ವುಡ್ ಮರಗಳಿವೆ. ಅಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ದಿನವೆಲ್ಲ ಬೆಂಕಿ ಹಾಕಿ ಮಣ್ಣು ಮೆತ್ತಗೆ ಮಾಡಿ ಅಗೆದ. ಹಿಮ ಕರಗಿದ ಮೇಲೆ ಚರ್ಚಿನ ಅಂಗಳಕ್ಕೆ ಒಯ್ಯೋಣ ಎಂದಿದ್ದೆವು. ಹಿಮ ಕರಗಿತು. ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರದ ಶಿಲುಬೆ ಗೆದ್ದಲು ಹಿಡಿದು ಹೋಯಿತು. ಅಂದಿನಿಂದ ವರ್ಜಿಲನ ಬಾಯಲ್ಲಿ ಅವಳ ಹೆಸರು ಬಂದಿಲ್ಲ.

ಹಾರ್ಲನ್ ವಾಸ್ ಹೊಲ ನೋಡಲು ಬಂದಾಗ ಆ ಮರಗಳ ಕಡೆ ಕೈ ತೋರಿಸಿ, “ಅವನ್ನ ಕಡಿದು ಹಾಕಿದ್ರೆ ನೇಗಿಲು ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹೋಗತ್ತೆ” ಎಂದ. ಅವನು ಕೆಟ್ಟವನಲ್ಲ, ಅವನಿಗೆ ಗೊತ್ತಿಲ್ಲ. ವರ್ಜಿಲ್ ಪಕ್ಕದಲ್ಲೇ ನಿಂತಿದ್ದ. ತುಟಿ ಬಿಚ್ಚಲಿಲ್ಲ. ಅವನು ಮರೆತಿರಬಹುದೇ? ಹಾಗೆ ಕೇಳಬೇಕಾದರೆ ನಾನು ನೆಟ್ಟಿಯ ಹೆಸರು ಹೇಳಬೇಕಾಗುತ್ತದೆ. ಹೇಳಿದಾಗ ಅವನ ಮುಖದಲ್ಲಿ ಏನೂ ಕಾಣದಿದ್ದರೆ ನಾನು ಆಮೇಲೆ ಅವನ ಜೊತೆ ಬದುಕುವುದು ಹೇಗೆ? ಅದಕ್ಕೇ ಸುಮ್ಮನೆ ಇಲ್ಲ, ಇಲ್ಲ ಎನ್ನುತ್ತಿದ್ದೇನೆ. ಗಂಡನಿಗೆ ಹೇಳದ್ದನ್ನು ನಿಮಗೆ ಹೇಳುವುದು ನ್ಯಾಯವಲ್ಲ. ಈ ಪತ್ರ ಕಳಿಸುವುದಿಲ್ಲ.


ಕ್ಯಾನ್ಸಸ್
ಡಿಸೆಂಬರ್ 3, 1958

ಕಸಿನ್ ಲೆಮ್,

ಇಲ್ಲಿ ಚಳಿ ಶುರುವಾಗಿದೆ. ಹಲ್ಲು ಕೀಳಿಸಿದೆ. ನೀವು ಹೇಳಿದ ಹಾಗೆ ಮನೆಯ ಮೇಲಿನ ಮಮತೆಯೇ ಇರಬೇಕು. ದಿನಚರಿ ಪುಸ್ತಕದಲ್ಲಿ ಏನು ಸಿಕ್ಕಿತೆಂದು ಬರೆಯಿರಿ. ಕ್ರಿಸ್‌ಮಸ್ ಶುಭಾಶಯಗಳು.

ಓರ್ಫಾ


ಮೇರಿಲ್ಯಾಂಡ್
ಜನವರಿ 15, 1959

ಪ್ರಿಯ ಓರ್ಫಾ,

ಕೂತಿದ್ದರೆ ಓದಿ, ನಿಂತಿದ್ದರೆ ಕೂತುಕೊಳ್ಳಿ. 1691ನೇ ಇಸವಿಯ ಕೋರ್ಟಿನ ದಿನಚರಿಯಲ್ಲಿ, ಒಂದು ಹಂದಿ ಕಳವಿನ ಕೇಸಿಗೂ ಒಂದು ಸೇತುವೆ ರಿಪೇರಿಗೂ ನಡುವೆ ಇದು ಸಿಕ್ಕಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

‘ಬಾರ್ನಬಿ ಥ್ರೇಲನ ಪತ್ನಿ ಸಿಬಿಲಳನ್ನು, ಗಂಡನ ಕಿವಿಗೆ ಬೀಳದಂತೆ ಪ್ರತ್ಯೇಕವಾಗಿ ವಿಚಾರಿಸಲಾಗಿ, ಸದರಿ ಜಮೀನಿನ ಮಾರಾಟಕ್ಕೆ ತನ್ನ ಒಪ್ಪಿಗೆ ಇಲ್ಲವೆಂದು ಹೇಳಿದಳು. ಮತ್ತೊಮ್ಮೆ ವಿಚಾರಿಸಲಾಗಿ, ಅದನ್ನೇ ಹೇಳಿದಳು.’

ಸತ್ತಿರಲಿಲ್ಲ, ಓರ್ಫಾ! ಒಪ್ಪಿರಲಿಲ್ಲ, ಅಷ್ಟೇ! ಅದಕ್ಕೇ ಪತ್ರದ ಬೆನ್ನಿಗೆ ಏನೂ ಬರೆದಿಲ್ಲ. ಅದಕ್ಕೇ ಕೊಂಡವನು ಹೆದರಿ ಜಮೀನು ವಾಪಸು ಕೊಟ್ಟ. ಬಾರ್ನಬಿ ಸಾಯುವಾಗ ಅದನ್ನು ಅವಳಿಗೇ ಬಿಟ್ಟ. ಇದ್ದವಳು ಒಬ್ಬಳೇ ಸಿಬಿಲ್. ನಾನು ನಮ್ಮ ಮುತ್ತಜ್ಜಿಯ ಮುತ್ತಜ್ಜಿಯನ್ನು ಬದುಕಿದ್ದಾಗಲೇ ಕೊಂದು, ಅವಳ ಗಂಡನಿಗೆ ಅವಳನ್ನೇ ಮತ್ತೆ ಮದುವೆ ಮಾಡಿಸಿ, ಆ ಹುಟ್ಟದೇ ಇದ್ದವಳಿಗೆ ಊರವರ ದುಡ್ಡಿನಲ್ಲಿ ಕಲ್ಲು ಬೇರೆ ನೆಡಿಸಿದ್ದೇನೆ. ಹೆಂಗಸು ಇಲ್ಲ ಎಂದಿರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವಳು ಸತ್ತಳೆಂದು ನಂಬುವುದು ನನಗೆ ಅದಕ್ಕಿಂತ ಸುಲಭವಾಗಿತ್ತು. ದಾಖಲೆ ಕೋಣೆಯಲ್ಲಿ ಒಬ್ಬನೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗುಮಾಸ್ತರು ಬಾಗಿಲಿಗೆ ಬಂದು ನೋಡಿ ಹೋದರು.

ಅವಳು ಯಾಕೆ ಒಪ್ಪಲಿಲ್ಲವೆಂದು ಮಾತ್ರ ಎಲ್ಲೂ ಇಲ್ಲ. ಬರೆದಿಲ್ಲ, ಏಕೆಂದರೆ ಕೇಳಿಲ್ಲ. ಕಾನೂನಿಗೆ ಬೇಕಿದ್ದದ್ದು ಹೌದು ಅಥವಾ ಇಲ್ಲ.

ಇನ್ನೊಂದು ವಿಷಯ ಬಚ್ಚಿಡಬಾರದು. ಉಯಿಲನ್ನು ಮತ್ತೆ ಓದಿದೆ. ಕಬ್ಬಿಣದ ಪಾತ್ರೆಗೂ ಗರಿಯ ಹಾಸಿಗೆಗೂ ನಡುವೆ ಒಬ್ಬ ಮನುಷ್ಯನ ಹೆಸರಿದೆ, ಮಿಂಗೊ. ಗುಲಾಮನಾಗಿದ್ದ ಅವನನ್ನು ದೊಡ್ಡ ಮಗ ರಾಲ್ಫನ ಪಾಲಿಗೆ ಬರೆದಿದ್ದಾರೆ. ಪುಸ್ತಿಕೆಯಲ್ಲಿ ಆ ಸಾಲನ್ನು ನಾನು ಬಿಟ್ಟಿದ್ದೆ, ಓದುವವರಿಗೆ ಹಿತವಾಗುವುದಿಲ್ಲವೆಂದು. ಹೊಸ ಮುದ್ರಣದಲ್ಲಿ ಅದು ಇರುತ್ತದೆ. ಅವನನ್ನಂತೂ ಯಾರೂ ಬೇರೆ ಕೋಣೆಗೆ ಕರೆದು, ನಿನಗೆ ಒಪ್ಪಿಗೆಯೇ ಎಂದು ಕೇಳಲಿಲ್ಲ.

ನಿಮ್ಮ ಲೆಮ್


ಕ್ಯಾನ್ಸಸ್
ಫೆಬ್ರವರಿ 8, 1959

ಥ್ರೇಲ್ ಅವರಿಗೆ,

ನಾನು ವರ್ಜಿಲ್ ಹಾಸ್ಲರ್. ನೀವು ಪತ್ರ ಬರೆಯುತ್ತಿರುವುದು ನನ್ನ ಹೆಂಡತಿಗೆ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ. ಉತ್ತರವನ್ನು ಈ ಲಕೋಟೆಯ ಮೇಲಿನ ವಿಳಾಸಕ್ಕೆ ಕಳಿಸಿ, ಅದು ನನ್ನ ಮಗನ ಗ್ಯಾರೇಜು.

ನಿಮ್ಮ ಪತ್ರಗಳನ್ನು ಅವಳು ಊಟದ ಮೇಜಿನಲ್ಲಿ ಓದುತ್ತಾಳೆ. ಚೆನ್ನಾಗಿವೆ. ಸಿಬಿಲ್ ಸತ್ತಿರಲಿಲ್ಲ ಎಂದು ಓದುವಾಗ ಅವಳು ಎದ್ದು ನಿಂತು ಓದಿದಳು, ಸಾರು ಸೀದುಹೋಯಿತು. ಅವಳು ನಿಮಗೆ ಏನು ಬರೆಯುತ್ತಾಳೋ ನನಗೆ ಗೊತ್ತಿಲ್ಲ, ನಾನು ಇನ್ನೊಬ್ಬರ ಕಾಗದ ಒಡೆಯುವವನಲ್ಲ.

ನನಗೆ ಬೇಕಾದದ್ದು ಇಷ್ಟು. ಓರ್ಫಾ ಯಾಕೆ ಸಹಿ ಹಾಕುತ್ತಿಲ್ಲ ಎಂದು ನಿಮಗೇನಾದರೂ ಹೇಳಿದ್ದಾಳೆಯೇ? ನನಗೆ ಹೇಳಿಲ್ಲ. ವಕೀಲರ ಬಳಿ ಏಪ್ರಿಲ್‌ನಲ್ಲಿ ದಿನ ಗೊತ್ತಾಗಿದೆ. ಅವಳು ಬರುತ್ತೇನೆ ಎಂದಿದ್ದಾಳೆ, ಅಷ್ಟೇ. ಅವಳ ಮನಸ್ಸು ನೋಯಿಸಿ ಮಾರುವ ಆಸೆ ನನಗಿಲ್ಲ. ಆದರೆ ಈ ಹೊಲದಲ್ಲಿ ನಾನು ಇನ್ನೊಂದು ಬಿತ್ತನೆ ಮಾಡಲಾರೆ. ಮಂಡಿ ಒಂದು ಕಾರಣ. ಇನ್ನೊಂದು ಕಾರಣ ಇದೆ, ಅದು ನನ್ನದು.

ಜೆಲ್ಲಿ ಇನ್ನೂ ಬೇಕಾದರೆ ಹೇಳಿ, ನೆಲಮಾಳಿಗೆಯಲ್ಲಿ ಬೇಕಾದಷ್ಟಿದೆ.

ವಿ. ಹಾಸ್ಲರ್


ಮೇರಿಲ್ಯಾಂಡ್
ಫೆಬ್ರವರಿ 17, 1959

ಮಾನ್ಯ ಹಾಸ್ಲರ್ ಅವರಿಗೆ,

ಇಲ್ಲ, ಹೇಳಿಲ್ಲ. ಒಲೆ, ಕೋಳಿ, ಪರದೆ ಎಂದು ನಾನೇ ಊಹಿಸಿ ಅವರಿಗೇ ಬರೆದೆ. ಅವರು ಚಳಿ, ಹಲ್ಲು ಎಂದು ಬರೆದು, ಹೌದಿರಬೇಕು ಎಂದು ಒಂದು ಸಾಲು ಗೀಚಿದರು. ಅದು ಹೌದಲ್ಲವೆಂದು ಆಗಲೇ ತಿಳಿಯಬೇಕಿತ್ತು. ಆದರೆ ನಾನು ಹೆಂಗಸರನ್ನು ಊಹೆಯಲ್ಲೇ ಕೊಂದು ಊಹೆಯಲ್ಲೇ ಮದುವೆ ಮಾಡಿಸುವ ಮನುಷ್ಯ.

ಸಿಬಿಲ್ ಇಲ್ಲ ಎಂದ ದಿನ ಯಾವುದು, ಕೇಳಿದವರು ಯಾರು, ಅಂದು ಕೋರ್ಟಿನಲ್ಲಿ ಯಾರ ಹಂದಿ ಕಳುವಾಗಿತ್ತು, ಇದೆಲ್ಲ ನನಗೆ ಗೊತ್ತು. ಕಾರಣ ಗೊತ್ತಿಲ್ಲ. ನಾನು ಇನ್ನೂ ಮೂವತ್ತು ವರ್ಷ ಹುಡುಕಿದರೂ ಅದು ಸಿಗುವುದಿಲ್ಲ. ಬಾರ್ನಬಿಗೆ ಅದು ಊಟದ ಮೇಜಿನಾಚೆ ಇತ್ತು.

ನಿಮಗೂ ಅಷ್ಟೇ ದೂರದಲ್ಲಿದೆ. ಕಾನೂನು ಕೇಳುವ ಹೊತ್ತಿಗೆ ಗಂಡ ಹೊರಗೆ ಹೋಗಬೇಕು ಎಂದು ಆ ಕಾಲದವರು ನಿಯಮ ಮಾಡಿದ್ದರು. ಒಳ್ಳೆಯ ನಿಯಮ. ಆಮೇಲೆ ಅವನು ಒಳಗೆ ಬಂದು ತಾನೂ ಒಂದು ಮಾತು ಕೇಳಬೇಕು ಎಂದು ಮಾತ್ರ ಯಾರೂ ಬರೆಯಲಿಲ್ಲ. ನನ್ನ ಹೆಂಡತಿ ಕೋರಾ ಜೊತೆ ಮೂವತ್ತೆಂಟು ವರ್ಷ ಬಾಳಿದೆ. ಅವಳ ಮಾತಿನ ವ್ಯಾಕರಣ ತಿದ್ದಿದೆ, ಯಾಕೆ ಅನ್ನುವುದನ್ನು ಹೆಚ್ಚು ಸಲ ಕೇಳಿದ ನೆನಪಿಲ್ಲ. ಈಗ ಕೇಳಬೇಕೆಂದರೆ ಅವಳಿಲ್ಲ.

ಜೆಲ್ಲಿ ಬೇಕು.

ಲೆಮ್ಯುಯೆಲ್ ಥ್ರೇಲ್


ಮೇರಿಲ್ಯಾಂಡ್
ಮಾರ್ಚ್ 11, 1959

ಪ್ರೀತಿಯ ಓರ್ಫಾ,

ಎರಡನೇ ಸಿಬಿಲಳ ಕಲ್ಲು ಕೀಳಿಸಲು ಚರ್ಚಿನ ಸಮಿತಿಗೆ ಅರ್ಜಿ ಕೊಟ್ಟೆ. ಸಮಿತಿಯ ಹಿರಿಯ ಮಹಿಳೆ ಶ್ರೀಮತಿ ಪರ್ನೆಲ್, “ಮೇಷ್ಟ್ರೇ, ನಾನು ಅವಳ ವಂಶದೋಳು ಅಂತ ನೀವೇ ಬರ್ಕೊಟ್ಟಿದ್ರಲ್ಲ, ಈಗ ಅವಳು ಹುಟ್ಟೇ ಇಲ್ಲ ಅಂದ್ರೆ ನಾನೆಲ್ಲಿಂದ ಬಂದೆ?” ಎಂದು ಸಭೆಯಲ್ಲೇ ನನ್ನ ನೀರಿಳಿಸಿದರು. ಕೊನೆಗೆ ಸಮಿತಿ ಒಪ್ಪಿತು. ಕಲ್ಲು ಸದ್ಯಕ್ಕೆ ನನ್ನ ಹಿತ್ತಲಲ್ಲಿದೆ.

ನಮ್ಮ ಕಡೆಯ ಬಿಸ್ಕತ್ತು ಒಂದು ಡಬ್ಬಿ ಕಳಿಸಿದ್ದೇನೆ. ಹಿಟ್ಟನ್ನು ಕೊಡಲಿಯ ಹಿಂಬದಿಯಿಂದ ಅರ್ಧ ಗಂಟೆ ಬಡಿದು ಮಾಡುವಂಥದ್ದು. ಹೊಸ ಹಲ್ಲಿದ್ದರೆ ಮಾತ್ರ ತಿನ್ನಿ.

ಇನ್ನು ದಿನಾ ನಿಮ್ಮನ್ನು ನೆನೆಯುತ್ತಿರುತ್ತೇನೆ. ನೀವು ಹೌದೆಂದರೂ ಇಲ್ಲವೆಂದರೂ ನಾನು ನಿಮ್ಮ ಪಕ್ಷ. ವರ್ಜಿಲ್ ಅವರ ಪರಿಚಯ ನನಗೆ ಎಳ್ಳಷ್ಟೂ ಇಲ್ಲವಾದರೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಲೆಮ್


ಕ್ಯಾನ್ಸಸ್
ಮೇ 3, 1959

ಪ್ರೀತಿಯ ಲೆಮ್,

ನೀವು ಬಹಳ ದಿನದಿಂದ ಕಾಯುತ್ತಿರುತ್ತೀರಿ ಎಂದು ಗೊತ್ತು. ನಡೆದದ್ದನ್ನೆಲ್ಲ ಬರೆಯುತ್ತೇನೆ.

ವಕೀಲ ಪೆಂಡರ್ ಅವರ ಆಫೀಸಿಗೆ ಹೋದೆವು. ಹಾರ್ಲನ್ ವಾಸ್ ಒಳ್ಳೆಯ ಕೋಟು ಹಾಕಿಕೊಂಡು ಕೂತಿದ್ದ. ಪತ್ರವನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ಅಷ್ಟರಲ್ಲಿ ವರ್ಜಿಲ್ ಎದ್ದು ಟೋಪಿ ತೆಗೆದುಕೊಂಡ. “ಹಾರ್ಲನ್, ಏಳಪ್ಪ, ಹೊರಗೆ ಹೋಗೋಣ. ಪೆಂಡರ್, ನಾವು ಬಾಗಿಲು ಹಾಕ್ಕೊಂಡ ಮೇಲೆ ಅವಳನ್ನ ಕೇಳಿ. ಒಪ್ಪಿಗೆ ಇದ್ಯಾ ಇಲ್ವಾ ಅಂತ ಕೇಳಿ. ನಂಗೆ ಕೇಳಿಸ್ಬಾರ್ದು” ಎಂದ. ಪೆಂಡರ್ ಕಣ್ಣು ಕಣ್ಣು ಬಿಟ್ಟರು. “ಅಂಥ ಕಾನೂನು ಇಲ್ಲಿಲ್ಲ ಕಣ್ರೀ” ಎಂದರು. “ಇಲ್ದಿದ್ರೆ ಬಿಡಿ, ಕೇಳಿ” ಎಂದು ಹೊರಟೇಹೋದ.

ನಿಮ್ಮ ಪತ್ರಗಳನ್ನು ಅವನು ಅಷ್ಟು ಗಮನವಿಟ್ಟು ಕೇಳಿಸಿಕೊಂಡಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ.

ಪೆಂಡರ್ ಗಂಟಲು ಸರಿಮಾಡಿಕೊಂಡು ಕೇಳಿದರು. ನಾನು ಒಪ್ಪಿಗೆ ಇಲ್ಲ ಎಂದೆ. ಅವರು ಬೆವರು ಒರೆಸಿಕೊಂಡು ಮತ್ತೊಮ್ಮೆ ಕೇಳಿದರು. ಅದನ್ನೇ ಹೇಳಿದೆ. ಪೆನ್ನು ಮುಚ್ಚಿ ಅವರ ಕೈಗೇ ವಾಪಸು ಕೊಟ್ಟೆ, ಲೆಮ್.

ವಾಪಸು ಬರುವಾಗ ವರ್ಜಿಲನೇ ಗಾಡಿ ಓಡಿಸಿದ. ನಮ್ಮ ಹೊಲದ ಬೇಲಿ ಸಿಕ್ಕ ಮೇಲೆ ಗಾಡಿ ನಿಲ್ಲಿಸಿದ. ಸ್ಟೀರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ, “ಯಾಕೆ, ಓರ್ಫೀ?” ಎಂದ.

ಆ ಮಾತನ್ನು ಒಂದು ವರ್ಷದಿಂದ ಯಾರೂ ಕೇಳಿರಲಿಲ್ಲ. ಅವನು, ಡೇಲ್, ಹಾರ್ಲನ್, ಪಾದ್ರಿಗಳು, ಎಲ್ಲರೂ ಯಾವಾಗ ಎಂದು ಕೇಳಿದ್ದರು. ನಾನು ಹೇಳಿಬಿಟ್ಟೆ. ನಿಮಗೂ ಈಗ ಹೇಳುತ್ತೇನೆ, ಡಿಸೆಂಬರ್‌ನಲ್ಲೇ ಬರೆದು ಕಳಿಸದೆ ಇಟ್ಟುಕೊಂಡಿದ್ದೆ. ನಮಗೊಬ್ಬ ಮಗಳಿದ್ದಳು. ಗಂಟಲಮಾರಿಯಲ್ಲಿ ಹೋದಳು. ಹೊಲದ ಮೂಲೆಯ ಮರಗಳ ಕೆಳಗೆ ಇದ್ದಾಳೆ. ಮೇಲೊಂದು ಕಲ್ಲೂ ಇಲ್ಲ. ಹಾರ್ಲನ್ ಅಲ್ಲಿ ಉಳುತ್ತೇನೆ ಎಂದ.

“ಅವಳನ್ನ ಬಿಟ್ಟು ಹೋಗಲ್ಲ ನಾನು” ಎಂದೆ. “ನೀನು ಮರೆತಿದೀಯ ಅಂದ್ಕೊಂಡೆ” ಎಂದೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿಗೆ ಬಂತು.

ಅವನು ಇಂಜಿನ್ ಆರಿಸಿದ. ಆಮೇಲೆ, “ಮರೆಯೋದಾ? ನಾನು ಹೊಲ ಮಾರ್ತೀನಿ ಅಂದಿದ್ದೇ ಅದಕ್ಕೆ ಕಣೇ. ಪ್ರತೀ ಬಿತ್ತನೇಲೂ ಆ ಮೂಲೇಲಿ ಟ್ರ್ಯಾಕ್ಟರ್ ತಿರುಗಿಸ್ಬೇಕು. ಮೂವತ್ತೆಂಟು ವರ್ಷ ತಿರುಗಿಸ್ದೆ. ಮಂಡಿನೋವು ತಡ್ಕೋಬಹುದು, ಅದನ್ನ ಇನ್ನು ಆಗಲ್ಲ ನನ್ ಕೈಲಿ. ಹಾರ್ಲನ್ ಹಾಗಂದಾಗ ನಂಗೆ ಉಸಿರೇ ನಿಂತ ಹಾಗಾಯ್ತು. ಏನಾದ್ರೂ ಅಂದ್ರೆ ಅಲ್ಲೇ ಅತ್ತುಬಿಡ್ತಿದ್ದೆ. ನಿನ್ನ ಮುಂದೆ ಆ ಮಾತು ಎತ್ತಿದ್ರೆ ನೀನು ತಡ್ಕೊಳ್ಳಲ್ಲ ಅಂತ ಬಾಯಿಮುಚ್ಕೊಂಡಿದ್ದೆ” ಎಂದ.

ಒಂದೇ ಕಾರಣಕ್ಕೆ ಅವನು ಹೋಗಬೇಕೆಂದ, ನಾನು ಇರಬೇಕೆಂದೆ. ಒಂದೇ ಮೇಜಿನಲ್ಲಿ ಕೂತು ಉಂಡೆವು, ಹೇಳಲಿಲ್ಲ. ಗಾಡಿಯಲ್ಲೇ ಕೂತು ಇಬ್ಬರೂ ಅತ್ತೆವು. ಹಾಲಿನ ಲಾರಿಯವನು ನಮ್ಮನ್ನು ದಾಟಿಕೊಂಡು ಹೋಗುವಾಗ ಕೈ ಬೀಸಿದ, ವರ್ಜಿಲ್ ಅಳುತ್ತಲೇ ಕೈ ಬೀಸಿದ.

ಮಾರನೇ ದಿನ ಅವನೇ ಹಾರ್ಲನ್ ಮನೆಗೆ ಹೋಗಿ ವಿಷಯ ಹೇಳಿದ. ಹಾರ್ಲನ್ ಪೆಚ್ಚಾಗಿ, “ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ ವರ್ಜಿಲ್? ಆ ಮೂಲೆ ನಿಮ್ದೇ ಇರ್ಲಿ. ಹೋಗಿಬರೋಕೆ ದಾರಿನೂ ಬಿಟ್ಕೊಡ್ತೀನಿ, ಬರ್ಕೊಳ್ಳಿ” ಎಂದನಂತೆ. ಸಮಾಧಿ ಜಾಗ ಬಿಟ್ಟು ಉಳಿದದ್ದನ್ನು ಮಾರುವುದೆಂದಾಯಿತು.

ನಿನ್ನೆ ಮತ್ತೆ ಪೆಂಡರ್ ಬಳಿ ಹೋದೆವು. ಪತ್ರ ಹೊಸದಾಗಿ ತಯಾರಾಯಿತು. ಚೆಕ್ಕುಬಂದಿ ಬರೆಯುವಾಗ ಟೈಪಿಸ್ಟ್ ಹುಡುಗಿ ಆ ಮೂಲೆಗೆ ಏನೆಂದು ಹಾಕಲಿ ಎಂದು ಕೇಳಿದಳು. ಪೆಂಡರ್, “ಒಂದು ಸಮಾಧಿ ಅಂತ ಹಾಕಮ್ಮ, ಸಾಕು” ಎಂದರು.

“ಸಾಕಾಗಲ್ಲ” ಎಂದ ವರ್ಜಿಲ್. “ಮುಂದೆ ಯಾವನೋ ಮೇಷ್ಟ್ರು ಬಂದು ಓದಿ, ಯಾರದೋ ಏನೋ ಅಂತ ಕಥೆ ಕಟ್ಟೋದು ಬೇಡ. ಹೆಸರು ಹಾಕಿ.”

ಹುಡುಗಿ ಬೆರಳು ಎತ್ತಿಕೊಂಡು ಕಾದಳು. ನಾನು ಹೇಳೋಣವೆಂದು ಬಾಯಿ ತೆರೆದೆ. ಅವನು ನನ್ನ ಕೈ ಹಿಡಿದು ತಡೆದ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಅವನೇ ಹೇಳಿದ: “ನೆಟ್ಟಿ ಮೇ ಹಾಸ್ಲರ್. ನಮ್ಮ ಮಗಳು.”

ಹುಡುಗಿ ಟೈಪು ಮಾಡಿದಳು. ಆಮೇಲೆ ನಾನು ಸಹಿ ಹಾಕಿದೆ.

ನಿಮ್ಮ
ಓರ್ಫಾ